ಏಕತಾರಿಯಿಂದ ಸೀಕ್ವೆನ್ಸರಿನವರೆಗೆ



ಬೆಳಗಿನ ಜಾವದಲ್ಲಿ ಎದ್ದು ರೇಡಿಯೋದ ಗುಂಡಿ ತಿರುಗಿಸುವ ಅಭ್ಯಾಸ ನಿಮ್ಮಲ್ಲಿ ಅನೇಕರಿಗೆ ಉಂಟು. ಪ್ರಸಾರ ಆರಂಭವಾಗುವಾಗ ಆಕಾಶವಾಣಿಯ ಸಂಕೇತ ಸಂಗೀತ ಕೇಳಿಬರುತ್ತದೆ. ಪಿಟೀಲಿನ ಆ ಎಳೆ ಎಲ್ಲರ ನೆನಪಿನಲ್ಲಿಯೂ ಇದೆ. ಆದರೆ ಪಿಟೀಲಿನ ಹಿಂದೆ ಮತ್ತೊಂದು ನಾದವಿದೆಯೆಂಬುದನ್ನು ಗಮನಿಸಿದವರು ಕಡಿಮೆ. ಅದು ತಂಬೂರಿಯ ನಾದ. ಈ ಸಂಗೀತವನ್ನು 1930ರ ದಶಕದಲ್ಲಿ ಜೋಡಿಸಿದವರು ವಾಲ್ಟರ್ ಕೌಫ್‌ಮನ್ ಎಂಬ ಯೆಹೂದಿ ವಿದ್ವಾಂಸರು. ಯುರೋಪಿನಲ್ಲಿ ತಮ್ಮ ಜನಾಂಗಕ್ಕೆ ಕೇಡುಗಾಲ ಬಂದಾಗ ಅವರು ಮುಂಬಯಿಗೆ ಬಂದು ನೆಲೆಸಿದ್ದರು. ಪರದೇಶದಿಂದ ಬಂದವರು ನಮ್ಮ ಸಂಗೀತದಿಂದ ಮೊದಲು ಎತ್ತಿಕೊಂಡದ್ದು ಏನನ್ನು? ಅಲಂಕಾರವನ್ನಲ್ಲ, ತಾನಗಳನ್ನಲ್ಲ, ನಾಲ್ಕು ತಂತಿಗಳ ಮೇಲೆ ಬೆರಳು ಮತ್ತೆ ಮತ್ತೆ ಹರಿದಾಡುವ ಆ ಒಂದೇ ನಾದವನ್ನು.

ಒಂದು ಸ್ವರಮಾಲೆ ಮರಳಿ ಮರಳಿ ಬಂದಾಗ ಕೇಳುವವನ ಮನಸ್ಸಿಗೆ ಏನಾಗುತ್ತದೆ? ಇದೇ ಇಂದಿನ ನನ್ನ ಮಾತಿನ ವಿಷಯ. ತೊಟ್ಟಿಲು ತೂಗುವ ತಾಯಿ ದಿನಕ್ಕೊಂದು ಹೊಸ ಮಟ್ಟನ್ನು ಹುಡುಕುವುದಿಲ್ಲ. ಹಳೆಯದನ್ನೇ ಹಾಡುತ್ತಾಳೆ, ಕೂಸು ನಿದ್ದೆ ಹೋಗುತ್ತದೆ. ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಗಳು ಒಂದೇ ಮಟ್ಟಿನಲ್ಲಿ ನೂರು ನುಡಿ ಹೇಳುತ್ತಾಳೆ. ಹಿಟ್ಟೂ ಆಗುತ್ತದೆ, ದಣಿವೂ ಮರೆಯುತ್ತದೆ. ಹೊಸತನವೇ ಸೊಗಸು ಎಂದು ವಾದಿಸುವವರು ಇದಕ್ಕೆ ಏನು ಉತ್ತರ ಕೊಟ್ಟಾರು?

ನನಗೆ ಈ ವಿಷಯದಲ್ಲಿ ಮೊದಲ ಪಾಠ ಹೇಳಿದ್ದು ರೈಲುಗಾಡಿ. ವಾಡಿಯಿಂದ ಚಿತ್ತಾಪುರ, ಮಳಖೇಡ ರೋಡ್, ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ ಹೋಗುವ ಹಳಿ ನಿಜಾಮರ ಕಾಲದ್ದು, 1874ರಲ್ಲಿ ತೆರೆಯಿತು. ನಾನು ಹುಡುಗನಾಗಿದ್ದಾಗ ಹಳಿಯ ತುಂಡುಗಳ ನಡುವೆ ಸಂದು ಇರುತ್ತಿತ್ತು. ಗಾಲಿ ಸಂದಿನ ಮೇಲೆ ಹಾಯುವಾಗಲೆಲ್ಲ ಒಂದು ಪೆಟ್ಟು. ವಾಡಿ ಬಿಟ್ಟ ಮೇಲೆ ಆ ಗಾಡಿ ‘ಚಿತ್ತಾಪುರ, ಚಿತ್ತಾಪುರ’ ಎಂದು ಹೇಳುತ್ತಿತ್ತು. ಚಿತ್ತಾಪುರ ದಾಟಿದೊಡನೆ ಅದೇ ಗಾಡಿ, ಅದೇ ಪೆಟ್ಟು. ಆದರೆ ಈಗ ಹೇಳುವುದು ‘ಮಳಖೇಡ, ಮಳಖೇಡ’! ಗಾಡಿ ಬದಲಾಗಿರಲಿಲ್ಲ, ಬದಲಾದದ್ದು ಕಿವಿಯೊಳಗೆ ಕುಳಿತ ಹುಡುಗ. ಹೊರಗಿನ ಸದ್ದು ಬದಲಾಗದೆ ನಿಂತಾಗ ಒಳಗಿನ ಮನಸ್ಸು ತಾನಾಗಿಯೇ ನೇಯಲು ತೊಡಗುತ್ತದೆ. ಈಗ ಹಳಿಗಳನ್ನು ಉದ್ದಕ್ಕೂ ಬೆಸೆದಿದ್ದಾರೆ, ಆ ಪೆಟ್ಟು ಬಹಳ ಮಟ್ಟಿಗೆ ಅಡಗಿದೆ. ಪ್ರಯಾಣ ಹಗುರಾಯಿತು, ಹಾಡು ಹೋಯಿತು.

ಇಷ್ಟು ತಿಳಿದಿದ್ದ ನಾನೇ ಮುಂದೆ ಮೇಷ್ಟರಾದ ಮೇಲೆ ಒಂದು ತಪ್ಪು ಮಾಡಿದೆ. ಅದನ್ನು ಹೇಳದೆ ಮುಂದುವರಿಯುವುದು ಸರಿಯಲ್ಲ. ಹದಿನೈದು ವರುಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಯಲ್ಲಿ ಭಾಮಿನಿ ಷಟ್ಪದಿಯ ಲಕ್ಷಣ ಹೇಳುತ್ತಿದ್ದೆ. ಕರಿಹಲಗೆಯ ಮೇಲೆ ಮೂರು ಮಾತ್ರೆ, ನಾಲ್ಕು ಮಾತ್ರೆ ಎಂದು ಗೆರೆ ಹಾಕಿ ಗಣ ವಿಭಾಗ ಮಾಡುತ್ತಿರುವಾಗ ಹಿಂದಿನ ಬೆಂಚಿನಿಂದ ಟಕಟಕ ಸದ್ದು. ಒಬ್ಬ ಹುಡುಗ ಬೆರಳಿನಿಂದ ಬೆಂಚು ಬಡಿಯುತ್ತಿದ್ದ. ಹೊರಗೆ ನಿಲ್ಲಿಸಿದೆ. ಪಾಠ ಮುಗಿದು ಬಾಗಿಲಿಗೆ ಬಂದಾಗಲೂ ಅವನ ಬೆರಳು ಚಡ್ಡಿಯ ಬದಿಯ ಮೇಲೆ ಆಡುತ್ತಲೇ ಇತ್ತು. ನಿಂತು ಎಣಿಸಿದೆ: ತಕಿಟ, ತಕದಿಮಿ; ತಕಿಟ, ತಕದಿಮಿ. ಮೂರು, ನಾಲ್ಕು, ಮೂರು, ನಾಲ್ಕು. ಒಳಗೆ ಕುಳಿತ ನಲವತ್ತು ಮಂದಿಯಲ್ಲಿ ಯಾರಿಗೂ ಸಿಕ್ಕದ ಭಾಮಿನಿ ಹೊರಗೆ ನಿಂತವನಿಗೆ ಸಿಕ್ಕಿತ್ತು. ಎಲ್ಲಿ ಕಲಿತೆಯೆಂದು ಕೇಳಿದೆ. ಅವನ ತಂದೆ ಶಹಾಬಾದಿನಲ್ಲಿ ಫರಸಿ ಕಲ್ಲು ಕೊಯ್ಯುವ ಕೆಲಸದಲ್ಲಿದ್ದರು. ರಜೆಯಲ್ಲಿ ಬುತ್ತಿ ಕೊಡಲು ಹೋದಾಗ ಯಂತ್ರದ ಸದ್ದಿಗೆ ತಾಳ ಹಾಕುವುದು ಅವನ ಆಟವಂತೆ. ನಾನು ಏನೂ ಹೇಳದೆ ಸುಮ್ಮನೆ ಒಳಗೆ ಕಳಿಸಿದೆ. ತಪ್ಪಾಯಿತೆಂದು ಹೇಳುವ ಧೈರ್ಯ ಅಂದು ನನಗೆ ಬರಲಿಲ್ಲ.

ಆ ಹುಡುಗ ಬೆಳೆದು ಬೆಂಗಳೂರಿನಲ್ಲಿ ಉದ್ಯೋಗಕ್ಕೆ ಸೇರಿದ. ಕಳೆದ ದೀಪಾವಳಿಗೆ ಮನೆಗೆ ಬಂದಾಗ ಒಂದು ಪೆಟ್ಟಿಗೆ ತಂದಿದ್ದ. ಮುಚ್ಚಳ ತೆಗೆದರೆ ಒಳಗೆ ಸಾಲುಸಾಲು ಗುಂಡಿಗಳು, ಸಣ್ಣ ದೀಪಗಳು, ಒಂದು ತೂತಿನಿಂದ ಇನ್ನೊಂದಕ್ಕೆ ಚುಚ್ಚಿದ ಬಣ್ಣಬಣ್ಣದ ತಂತಿಗಳು. ಹಳೆಯ ಟೆಲಿಫೋನ್ ಎಕ್ಸ್‌ಚೇಂಜ್ ನೋಡಿದವರಿಗೆ ಅದು ಹೊಸದೆನಿಸಲಾರದು. ಮಾಡ್ಯುಲರ್ ಸಿಂಥಸೈಜರ್ ಎಂದು ಅದರ ಹೆಸರು. ಬಿಡಿ ಬಿಡಿ ಭಾಗಗಳನ್ನು ಬೇಕಾದಂತೆ ತಂತಿಯಿಂದ ಕೂಡಿಸಿ ನಾದ ಮಾಡುವ ವಿದ್ಯುತ್ ವಾದ್ಯ.

ಇದರ ಕೆಲಸ ತಿಳಿಯುವುದು ಕಷ್ಟವಲ್ಲ. ಆಸಿಲೇಟರ್ ಎಂಬ ಭಾಗ ನಾದವನ್ನು ಹುಟ್ಟಿಸುತ್ತದೆ. ಅದೇ ಇದರ ತಂತಿ. ಫಿಲ್ಟರ್ ಎಂಬುದು ಆ ನಾದವನ್ನು ಸೋಸುತ್ತದೆ; ನೀವು ಒಂದೇ ಶ್ರುತಿಯಲ್ಲಿ ‘ಊ’ ಎಂದು ಹಿಡಿದು ಮೆಲ್ಲಗೆ ಬಾಯಿ ತೆರೆದು ‘ಆ’ ಮಾಡಿದರೆ ಏನಾಗುವುದೋ ಅದೇ ಇದರ ಕೆಲಸ. ಮೂರನೆಯ ಭಾಗ ನಾದವನ್ನು ಏರಿಸುತ್ತದೆ, ಇಳಿಸುತ್ತದೆ. ಇವೆಲ್ಲಕ್ಕೂ ಆಜ್ಞೆ ಕೊಡುವುದು ವಿದ್ಯುತ್ತಿನ ಒತ್ತಡ. ಸಾಮಾನ್ಯ ಕ್ರಮದಲ್ಲಿ ಒತ್ತಡ 1 ವೋಲ್ಟ್ ಹೆಚ್ಚಿದರೆ ನಾದ ಒಂದು ಸ್ಥಾಯಿ ಮೇಲಕ್ಕೆ, ಎಂದರೆ ಮಧ್ಯ ಷಡ್ಜದಿಂದ ತಾರ ಷಡ್ಜಕ್ಕೆ ಏರುತ್ತದೆ. ಇನ್ನು ಸೀಕ್ವೆನ್ಸರ್. ಇದೇ ನಮ್ಮ ಕಥಾನಾಯಕ. ಸಾಲಾಗಿ ಎಂಟು ಗುಂಡಿಗಳು; ಪ್ರತಿಯೊಂದನ್ನೂ ಒಂದೊಂದು ಸ್ವರಕ್ಕೆ ತಿರುಗಿಸಿ ಇಡಬಹುದು. ಗಡಿಯಾರದಂತೆ ಮಿಡಿಯುವ ಒಂದು ಭಾಗ ಮೊದಲನೆಯ ಗುಂಡಿಯಿಂದ ಎಂಟನೆಯದಕ್ಕೆ ಹೆಜ್ಜೆ ಹಾಕಿಸಿ ಮತ್ತೆ ಮೊದಲನೆಯದಕ್ಕೆ ತರುತ್ತದೆ. ಬಿಟ್ಟರೆ ಬೆಳಗಿನವರೆಗೂ ಹಾಗೆಯೇ ಸುತ್ತುತ್ತದೆ. ಆವರ್ತ ಎಂಬ ಮಾತು ಬಲ್ಲವರಿಗೆ ಇನ್ನು ವಿವರಣೆ ಬೇಕೆ?

ಇದು ಪಾಶ್ಚಾತ್ಯರ ಆಟಿಕೆ, ನಮಗೇಕೆ ಎಂದು ಕೇಳುವವರುಂಟು. ಅವರಿಗೆ ಒಂದು ಹಳೆಯ ಕಥೆ ಹೇಳುತ್ತೇನೆ. ಸೇಡಂ ತಾಲ್ಲೂಕಿನ ಮಳಖೇಡವನ್ನು ನೀವು ಬಲ್ಲಿರಿ. ಕಾಗಿಣಾ ನದಿಯ ದಂಡೆಯ ಮೇಲೆ ಮುರಿದ ಕೋಟೆ, ಹಳೆಯ ಜೈನ ಬಸದಿ. ದೂರದಲ್ಲಿ ಸಿಮೆಂಟ್ ಕಾರ್ಖಾನೆಯ ಹೊಗೆಗೊಳವೆ. ಇದೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗ ಸುಮಾರು 814ರಿಂದ 878ರವರೆಗೆ ಆಳಿದ. ಅವನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತು. 851ರಲ್ಲಿ ಬರೆದ ಒಂದು ಅರಬ್ಬೀ ವೃತ್ತಾಂತ ಜಗತ್ತಿನ ನಾಲ್ವರು ಮಹಾರಾಜರನ್ನು ಎಣಿಸುತ್ತದೆ: ಅರಬರ ಖಲೀಫ, ಚೀನದ ಚಕ್ರವರ್ತಿ, ರೂಮಿನ ದೊರೆ, ನಾಲ್ಕನೆಯವನು ಬಲ್ಹರಾ. ವಲ್ಲಭರಾಜ ಎಂಬ ರಾಷ್ಟ್ರಕೂಟರ ಬಿರುದೇ ಅರಬರ ನಾಲಗೆಯಲ್ಲಿ ಬಲ್ಹರಾ ಆಯಿತು. ಹತ್ತನೆಯ ಶತಮಾನದ ಅಲ್ ಮಸೂದಿ ಆತನ ರಾಜಧಾನಿಯನ್ನು ಮಾಂಕೀರ್ ಎಂದು ಕರೆದಿದ್ದಾನೆ. ಬಾಗ್ದಾದಿನ ಬೀದಿಯಲ್ಲಿ ನಮ್ಮ ಮಳಖೇಡದ ಹೆಸರು ಅಷ್ಟು ಪರಿಚಿತವಾಗಿತ್ತು.

ಅದೇ ಬಾಗ್ದಾದಿನಲ್ಲಿ, ಅದೇ ದಶಕಗಳಲ್ಲಿ, ಬನೂ ಮೂಸಾ ಎಂದು ಹೆಸರಾದ ಮೂವರು ಸೋದರರಿದ್ದರು: ಮುಹಮ್ಮದ್, ಅಹ್ಮದ್ ಮತ್ತು ಹಸನ್. ಗಣಿತದಲ್ಲಿಯೂ ಯಂತ್ರವಿದ್ಯೆಯಲ್ಲಿಯೂ ನಿಪುಣರು. ತಾನೇ ನುಡಿಯುವ ವಾದ್ಯದ ಮೇಲೆ ಅವರು ಒಂದು ಗ್ರಂಥವನ್ನು ಬರೆದರು. ನೀರಿನ ಒತ್ತಡದಿಂದ ಗಾಳಿ ಕೊಳಲಿಗೆ ನುಗ್ಗುತ್ತದೆ. ನೀರಿನ ಬಲದಿಂದಲೇ ಒಂದು ಉರುಳೆ ತಿರುಗುತ್ತದೆ. ಉರುಳೆಯ ಮೈಮೇಲೆ ಸಣ್ಣ ಮೊಳೆಗಳು. ಮೊಳೆ ಬಂದು ತಾಕಿದಾಗ ಒಂದು ಸನ್ನೆ ಎದ್ದು ಕೊಳಲಿನ ತೂತು ತೆರೆಯುತ್ತದೆ. ಮೊಳೆ ದಾಟಿದಾಗ ಮುಚ್ಚುತ್ತದೆ. ಉರುಳೆ ಒಂದು ಸುತ್ತು ಮುಗಿಸಿದರೆ ರಾಗ ಮೊದಲಿನಿಂದ. ಮೊಳೆಯ ಜಾಗದಲ್ಲಿ ಗುಂಡಿಯನ್ನು, ನೀರಿನ ಜಾಗದಲ್ಲಿ ವಿದ್ಯುತ್ತನ್ನು ಇಟ್ಟು ನೋಡಿ: ನನ್ನ ಶಿಷ್ಯನ ಪೆಟ್ಟಿಗೆಯೇ ಅದು! ಆ ಕೊಳಲು ಮಳಖೇಡದ ಅರಮನೆಯಲ್ಲಿ ಮೊಳಗಿತೆಂದು ಹೇಳುವ ಧಾರ್ಷ್ಟ್ಯ ನನಗಿಲ್ಲ. ‘ಕವಿರಾಜಮಾರ್ಗ’ವೂ ಆ ಮೊಳೆಯ ಉರುಳೆಯೂ ಒಂದೇ ಕಾಲದ ಕೂಸುಗಳು ಎಂದಷ್ಟೇ ನಾನು ಹೇಳುವುದು.

ಮೊಳೆಯ ಉರುಳೆ ಆಮೇಲೆ ಬಹಳ ದೂರ ಪಯಣ ಮಾಡಿತು. 1206ರಲ್ಲಿ ಅಲ್ ಜಜರಿ ಎಂಬ ಯಂತ್ರಶಿಲ್ಪಿ ವಾದ್ಯಗಾರ ಗೊಂಬೆಗಳನ್ನು ದೋಣಿಯಲ್ಲಿ ಕೂರಿಸಿ ಅರಸನ ಔತಣಕ್ಕೆ ಸಂಗೀತ ಒದಗಿಸುವ ಯಂತ್ರವನ್ನು ವಿವರಿಸಿದ. ಯುರೋಪಿನ ಗಂಟೆಗೋಪುರಗಳಲ್ಲಿ ಮೊಳೆಯ ಉರುಳೆಗಳು ಗಂಟೆ ಬಾರಿಸಿದವು. 1796ರಲ್ಲಿ ಜಿನೀವಾದ ಗಡಿಯಾರ ಕೆಲಸಗಾರ ಆಂತ್ವಾನ್ ಫಾವ್ರ್ ಬಾಚಣಿಗೆಯ ಹಲ್ಲಿನಂಥ ಉಕ್ಕಿನ ಎಳೆಗಳನ್ನು ಮೊಳೆಯಿಂದ ಮೀಟಿಸಿದ. ಕೀ ಕೊಟ್ಟರೆ ಹಾಡುವ ಪೆಟ್ಟಿಗೆ ಹುಟ್ಟಿತು. ಮಗ್ಗಕ್ಕೆ ರಂಧ್ರವಿರುವ ರಟ್ಟಿನ ಹಾಳೆಗಳನ್ನು ಜಕ್ಕಾರ್ 1804ರ ವೇಳೆಗೆ ಹೂಡಿದ. ಆ ಶತಮಾನದ ಕೊನೆಗೆ ರಂಧ್ರದ ಕಾಗದದ ಸುರುಳಿ ಪಿಯಾನೋವನ್ನೇ ತಾನಾಗಿ ನುಡಿಸಿತು. ನೇಯ್ಗೆಗೂ ಸಂಗೀತಕ್ಕೂ ಒಂದೇ ಉಪಾಯ ಒದಗಿದ್ದು ಆಶ್ಚರ್ಯವಲ್ಲ. ಎರಡರಲ್ಲಿಯೂ ಮರಳಿ ಬರುವುದೇ ಚಿತ್ತಾರ.

ವಿದ್ಯುತ್ತಿನ ಯುಗದಲ್ಲಿ ಇದೇ ಉಪಾಯ ಮತ್ತೆ ತಲೆಯೆತ್ತಿತು. 1963ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಮಾರ್ಟನ್ ಸುಬೋಟ್ನಿಕ್ ಮತ್ತು ರಮೋನ್ ಸೆಂಡರ್ ಎಂಬ ಸಂಗೀತಗಾರರು ಡಾನ್ ಬುಕ್ಲಾ ಎಂಬ ತರುಣನಿಗೆ ಒಂದು ವಾದ್ಯ ಮಾಡಿಕೊಡೆಂದರು. ಪಿಯಾನೋದ ಮನೆಗಳು ಬೇಡವೆಂದು ಆತ ಮುಟ್ಟಿದರೆ ನುಡಿಯುವ ಫಲಕಗಳನ್ನೂ ಸೀಕ್ವೆನ್ಸರನ್ನೂ ಕೂಡಿಸಿದ. 1964ರಲ್ಲಿ ರಾಬರ್ಟ್ ಮೂಗ್ ತಮ್ಮ ಸಿಂಥಸೈಜರನ್ನು ಜನರ ಮುಂದಿಟ್ಟರು. ಮೂಗರ ಪ್ರಸಿದ್ಧ ಸೀಕ್ವೆನ್ಸರಿನಲ್ಲಿ ಎಂಟು ಗುಂಡಿಗಳ ಮೂರು ಸಾಲು. ಜರ್ಮನಿಯ ‘ಟ್ಯಾಂಜರೀನ್ ಡ್ರೀಮ್’ ಮೇಳ 1974ರ ‘ಫೇಡ್ರಾ’ ಎಂಬ ಧ್ವನಿಮುದ್ರಿಕೆಯಲ್ಲಿ ಇಂಥ ಸುತ್ತುವ ಸ್ವರಗಳಿಂದಲೇ ಕೇಳುಗರನ್ನು ಮಂತ್ರಮುಗ್ಧರನ್ನಾಗಿ ಮಾಡಿತು.

ನಮ್ಮ ದೇಶಕ್ಕೆ ಈ ವಾದ್ಯ ತಡವಾಗಿ ಬಂದಿತೆಂದು ತಿಳಿಯಬೇಡಿ. 1969ರಲ್ಲಿಯೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಮೂಗ್ ವಾದ್ಯವನ್ನು ನಿಲ್ಲಿಸಿದರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಜಿನರಾಜ ಜೋಶಿಪುರ, ಐ. ಎಸ್. ಮಾಥುರ್, ಎಸ್. ಸಿ. ಶರ್ಮಾ ಇವರು ಅದರ ಮೇಲೆ ಕೃತಿಗಳನ್ನು ರಚಿಸಿದರು. 1972ರ ತರುವಾಯ ಆ ಕೆಲಸ ನಿಂತಿತು. ಟೇಪುಗಳು ದಶಕಗಳ ಕಾಲ ಕಪಾಟಿನಲ್ಲಿಯೇ ಉಳಿದು 2023ರಲ್ಲಿ ಜನರ ಕಿವಿಗೆ ಬಿದ್ದವು. 1982ರಲ್ಲಿ ಮುಂಬಯಿಯ ಸಿನಿಮಾ ವಾದ್ಯಮೇಳದ ಚರಣಜಿತ್ ಸಿಂಗ್ ಜಪಾನಿನ ಸೀಕ್ವೆನ್ಸರ್ ವಾದ್ಯಗಳ ಮೇಲೆ ಹತ್ತು ರಾಗಗಳನ್ನು ಹೂಡಿ ಒಂದು ಧ್ವನಿಮುದ್ರಿಕೆ ತಂದರು. ಅಂದು ಕೊಂಡವರು ಕಡಿಮೆ. ಐದು ವರುಷಗಳ ಬಳಿಕ ಅಮೆರಿಕದ ಷಿಕಾಗೋದಲ್ಲಿ ಅದೇ ವಾದ್ಯದಿಂದ ಹೊಸದೊಂದು ಕುಣಿತದ ಸಂಗೀತ ಹುಟ್ಟಿ ಲೋಕವೆಲ್ಲ ಹಬ್ಬಿತು. 2010ರಲ್ಲಿ ಸಿಂಗರ ಮುದ್ರಿಕೆ ಮರಳಿ ಬಂದಾಗ ಜನ ಬೆರಗಾದರು.

ಈ ಸಾಲಿನಲ್ಲಿ ಕನ್ನಡನಾಡಿನ ಪಾಲೂ ಉಂಟು. 1979ರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್, ಕೊಳಲನ್ನೂ ಬಲ್ಲ ಇಂಜಿನಿಯರು, ವಿದ್ಯುತ್ ತಂಬೂರಿಯನ್ನು ನಿರ್ಮಿಸಿದರು. ಮುಂದೆ ಅವರ ರಾಡೆಲ್ ಸಂಸ್ಥೆಯ ಪೆಟ್ಟಿಗೆಗಳು ನಾಡಿನ ಸಂಗೀತಗಾರರ ಕೈಚೀಲ ಸೇರಿದವು. ವಿಚಾರ ಮಾಡಿ: ತಂಬೂರಿಗೆ ನಾಲ್ಕು ತಂತಿ. ಪಂಚಮ, ಷಡ್ಜ, ಷಡ್ಜ, ಮಂದ್ರ ಷಡ್ಜ, ಮತ್ತೆ ಪಂಚಮ. ನಾಲ್ಕು ಹೆಜ್ಜೆಯ ಸೀಕ್ವೆನ್ಸರು ಇದಲ್ಲದೆ ಮತ್ತೇನು? ವ್ಯತ್ಯಾಸವೆಂದರೆ ಗಡಿಯಾರ ಹಿಂದೆ ಕುಳಿತ ಶಿಷ್ಯನ ಬೆರಳಿನಲ್ಲಿತ್ತು. ಈಗ ಪೆಟ್ಟಿಗೆಯೊಳಗೆ ಹೋಯಿತು.

ಹಾಗಾದರೆ ಈ ಮರುಕಳಿಕೆಗೆ ಮರುಳುಗೊಳಿಸುವ ಶಕ್ತಿ ಎಲ್ಲಿಂದ ಬರುತ್ತದೆ? ಎರಡು ಕಾರಣಗಳನ್ನು ಹೇಳಬಲ್ಲೆ. ಮೊದಲನೆಯದು ಸ್ವರದೊಳಗಿನ ಸ್ವರ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ದಾರದ ಎಳೆ ಸರಿಸುತ್ತಾರೆ. ಜೀವಾಳಿ ಎಂದು ಅದರ ಹೆಸರು, ನಾದಕ್ಕೆ ಜೀವ ಕೊಡುವುದರಿಂದ. ಚಂದ್ರಶೇಖರ ವೆಂಕಟರಾಮನ್ ಅವರು 1921ರಲ್ಲಿಯೇ ವೀಣೆ ಮತ್ತು ತಂಬೂರಿಗಳ ಮೇಲೆ ಲೇಖನ ಬರೆದು, ಪಾಶ್ಚಾತ್ಯ ಸೂತ್ರದ ಪ್ರಕಾರ ಕೇಳಬಾರದ ಉಪಸ್ವರಗಳೂ ಈ ವಾದ್ಯಗಳಲ್ಲಿ ಕೇಳುತ್ತವೆಂದು ತೋರಿಸಿದರು. ಕಾರಣ ಕುದುರೆಯ ಆ ಬಾಗಿದ ಮೈ. ತಂತಿ ನಾಲ್ಕೇ ಆದರೂ ಒಳಗೆ ಉಪಸ್ವರಗಳ ಒಂದು ಸಂತೆ ನೆರೆಯುತ್ತದೆ. ಸಿಂಥಸೈಜರಿನ ಫಿಲ್ಟರನ್ನು ಮೆಲ್ಲಗೆ ತೆರೆದಾಗಲೂ ಹೀಗೆಯೇ. ಸ್ವರ ಅದೇ, ಬಣ್ಣ ಬೇರೆ.

ಎರಡನೆಯ ಕಾರಣ ಲೆಕ್ಕದ್ದು. ನನ್ನ ಶಿಷ್ಯ ಒಂದು ಸಾಲನ್ನು ಏಳು ಹೆಜ್ಜೆಗೆ, ಇನ್ನೊಂದು ಸಾಲನ್ನು ನಾಲ್ಕು ಹೆಜ್ಜೆಗೆ ಕಟ್ಟಿ ಏಕಕಾಲದಲ್ಲಿ ಬಿಟ್ಟ. “ಸರ, ಇದು ನಿಮ್ಮ ಭಾಮಿನಿ, ಇದು ನಿಮ್ಮ ಮಂದಾನಿಲ ರಗಳೆ. ಎಲ್ಲಿ ಕೂಡ್ತಾವ ಹೇಳ್ರಿ” ಎಂದ. ನಾನು ಬೆರಳು ಎಣಿಸಿದೆ. ಏಳು ಮತ್ತು ನಾಲ್ಕರ ಲಘುತಮ ಸಾಮಾನ್ಯ ಅಪವರ್ತ್ಯ 28. ಇಪ್ಪತ್ತೆಂಟು ಹೆಜ್ಜೆ ಮುಗಿದ ಮೇಲೆ ಎರಡೂ ಒಟ್ಟಿಗೆ ಸಮಕ್ಕೆ ಬಂದವು. ನಡುವೆ ಒಂದರ ಭುಜವನ್ನು ಮತ್ತೊಂದು ತಾಕುತ್ತ, ತಪ್ಪುತ್ತ, ಯಾರೂ ಬರೆಯದ ಮೂರನೆಯ ರಾಗವೊಂದು ಅವುಗಳ ಸಂದಿನಿಂದ ಹೊರಟಿತ್ತು. ಮರುಕಳಿಸುವುದು ಎರಡು, ಕಿವಿ ಕೇಳುವುದು ಮೂರನ್ನು. ರೈಲಿನಲ್ಲಿ ಕುಳಿತ ಹುಡುಗನಿಗೆ ಆದದ್ದೂ ಇದೇ. ನಮ್ಮ ಛಂದಶ್ಶಾಸ್ತ್ರದವರು ಲಘು ಗುರುಗಳೆಂಬ ಎರಡೇ ಸ್ಥಿತಿಗಳನ್ನು ಮೂರು ಅಕ್ಷರಗಳಲ್ಲಿ ಹರಡಿ ಎಂಟು ಗಣಗಳನ್ನು ಪಡೆದರು. ಆ ಎಂಟರ ಆವೃತ್ತಿಯಿಂದ ವೃತ್ತಗಳ ದೊಡ್ಡ ಸಂಸಾರವನ್ನೇ ಕಟ್ಟಿದರು. ಸ್ವಲ್ಪವನ್ನು ತಿರುಗಿಸಿ ಬಹುವನ್ನು ಪಡೆಯುವ ವಿದ್ಯೆ ನಮಗೆ ಹೊಸದಲ್ಲ.

ಪಶ್ಚಿಮದವರು ಇದನ್ನು ತಾವೇ ಕಂಡುಕೊಂಡರೋ ನಮ್ಮಿಂದ ಕಲಿತರೋ ಎಂಬ ಜಗಳ ಬೇಡ. ಟೆರಿ ರೈಲಿ ಎಂಬ ಅಮೆರಿಕನ್ನರು 1964ರಲ್ಲಿ 53 ಸಣ್ಣ ಸ್ವರಖಂಡಗಳನ್ನು ಬರೆದು, ನುಡಿಸುವವರು ಒಂದೊಂದನ್ನೂ ತಮಗೆ ಬೇಕಾದಷ್ಟು ಸಲ ಮರುಕಳಿಸಲಿ ಎಂದರು. ಆ ಕೀರ್ತಿ ಅವರದೇ. ಆದರೆ 1970ರಲ್ಲಿ ಅದೇ ರೈಲಿ ಪಂಡಿತ್ ಪ್ರಾಣನಾಥರ ಶಿಷ್ಯರಾಗಿ ತಂಬೂರಿಯ ಮುಂದೆ ಕುಳಿತರು. ಪ್ರಾಣನಾಥರದು ಕಿರಾನಾ ಘರಾಣೆ. ಸವಾಯಿ ಗಂಧರ್ವ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಇವರ ಮೂಲಕ ಕನ್ನಡನಾಡಿನ ಮನೆಮಾತಾದ ಘರಾಣೆಯೂ ಅದೇ. ಒಂದು ಸ್ವರವನ್ನು ಅವಸರವಿಲ್ಲದೆ ನೋಡುತ್ತ ಕೂಡುವ ಆ ತಾಳ್ಮೆ ಧಾರವಾಡದಲ್ಲಿ ಎಷ್ಟು ಸಲ್ಲುತ್ತದೆಯೋ ನ್ಯೂಯಾರ್ಕಿನಲ್ಲಿಯೂ ಅಷ್ಟೇ ಸಂದಿತು.

ಹಾಗೆಂದು ಯಂತ್ರ ಕೊಟ್ಟದ್ದೆಲ್ಲವನ್ನೂ ಕಣ್ಣು ಮುಚ್ಚಿ ಒಪ್ಪಬೇಕೆ? ನಮ್ಮ ರೇಡಿಯೋ ಸಂಸ್ಥೆಯೇ 1940ರಲ್ಲಿ ಹಾರ್ಮೋನಿಯಂ ವಾದ್ಯಕ್ಕೆ ಬಾಗಿಲು ಹಾಕಿತ್ತು. ಅದರ ಮನೆಗಳ ನಡುವೆ ನಮ್ಮ ಗಮಕ ಓಡಾಡಲಾರದೆಂಬುದು ಆಕ್ಷೇಪಣೆ. 1971ರವರೆಗೆ ಆ ತಡೆ ನಿಂತಿತು. ಆ ಸೂಕ್ಷ್ಮಕ್ಕೆ ಅರ್ಥವಿತ್ತು. ಸೋಜಿಗವೆಂದರೆ, ಮಾಡ್ಯುಲರ್ ವಾದ್ಯದ ಗುಂಡಿಗೆ ಅಂಥ ಮನೆಗಳಿಲ್ಲ. ಎರಡು ಸ್ವರಗಳ ನಡುವೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಕಿವಿ ಇದ್ದರೆ. ಆದುದರಿಂದ ಕೇಳಬೇಕಾದ ಪ್ರಶ್ನೆ ಯಂತ್ರ ಸಾಕೇ ಬೇಡವೇ ಎಂಬುದಲ್ಲ. ಕಿವಿ ಉಳಿದಿದೆಯೇ ಎಂಬುದು.

ಈ ಪ್ರಶ್ನೆಗೆ ಉತ್ತರ ನನಗೆ ಚಿಂಚೋಳಿಯ ಕಡೆಯ ಒಂದು ಹಳ್ಳಿಯಲ್ಲಿ ದೊರೆಯಿತು. ಅದು ನನ್ನ ಮಾವನ ಊರು. ಅಲ್ಲಿ ಸೋಮವಾರ ಸೋಮವಾರ ಭಜನೆ. ಈ ಕಲಬುರಗಿ ಸೀಮೆ ತತ್ತ್ವಪದಗಳ ತವರುಮನೆ: ಕಡಕೋಳ ಮಡಿವಾಳಪ್ಪನವರು, ಅವರ ಶಿಷ್ಯಪರಂಪರೆಯ ಚೆನ್ನೂರ ಜಲಾಲ ಸಾಹೇಬರು, ಖೈನೂರ ಕೃಷ್ಣಪ್ಪನವರು, ಜಾತಿಮತ ನೋಡದೆ ಒಂದೇ ಏಕತಾರಿಗೆ ಹಾಡಿದವರು. ತತ್ತ್ವಪದದಲ್ಲಿ ಪಲ್ಲವಿ ಮರಳಿ ಮರಳಿ ಬರುತ್ತದೆ. ಮೊದಲ ಸಲ ಕೇಳಿದಾಗ ಅದು ಮಾತು; ಇಪ್ಪತ್ತನೆಯ ಸಲ ಅದು ನಿಮ್ಮ ಉಸಿರು. ನಾನು ಮದುವೆಯಾದ ಹೊಸತರಲ್ಲಿ ಆ ಮೇಳದಲ್ಲಿ ಒಂಬತ್ತು ಜನರಿದ್ದರು. ಏಕತಾರಿ, ದಮ್ಮಡಿ, ತಾಳ ಎಲ್ಲವೂ ಇದ್ದವು. ಇಂದು ಉಳಿದವರು ಮೂವರು. ಏಕತಾರಿ ಹಿಡಿಯುತ್ತಿದ್ದವರು ತೀರಿದ ಮೇಲೆ ಅದು ಗೂಟದ ಮೇಲೆಯೇ ಇದೆ. ಶ್ರುತಿಗೆ ಮೊಬೈಲು ಫೋನು.

ಶಿಷ್ಯನನ್ನೂ ಅವನ ಪೆಟ್ಟಿಗೆಯನ್ನೂ ಅಲ್ಲಿಗೆ ಕರೆದುಕೊಂಡು ಹೋದೆ. ಮೇಳದ ಹಿರಿಯ ಮುತ್ಯಾ ಎಪ್ಪತ್ತು ದಾಟಿದವರು. ಹುಡುಗ ಅವರ ಮಟ್ಟನ್ನೇ ಗುಂಡಿಗಳ ಮೇಲೆ ಕೂರಿಸಿ ಬಿಟ್ಟ. ಮುತ್ಯಾ ಕಣ್ಣು ಮುಚ್ಚಿ ಕೇಳಿದರು, ಹಾಡಲು ತೊಡಗಿದರು, ಎರಡನೆಯ ನುಡಿಗೆ ನಿಲ್ಲಿಸಿಬಿಟ್ಟರು.

“ಚಲೋ ನುಡಿತದ ತಮ್ಮಾ. ಆದ್ರ ನಾ ಉಸುರು ತಗೊಳ್ಳಾಕ ನಿಂತ್ರ ಅದು ನಿಲ್ಲಂಗಿಲ್ಲ.”

ನಾನು ಗ್ರಂಥಗಳಲ್ಲಿ ಹುಡುಕುತ್ತಿದ್ದ ಮಾತು ಅದೇ. ನಮ್ಮ ಮರುಕಳಿಕೆಯೊಳಗೆ ಒಂದು ಉಸಿರು ಇದೆ. ಜೋಗುಳ ಕೂಸಿನ ಕಣ್ಣು ನೋಡಿ ನಿಧಾನವಾಗುತ್ತದೆ. ಬೀಸುವ ಪದ ಕಾಳು ಮುಗಿಯುತ್ತ ಬಂದಂತೆ ಬಿರುಸಾಗುತ್ತದೆ. ಭಜನೆ ಮುತ್ಯಾನ ಎದೆ ತುಂಬುವವರೆಗೆ ಕಾಯುತ್ತದೆ. ಗಡಿಯಾರಕ್ಕೆ ಕಾಯುವುದು ತಿಳಿಯದು.

ಹುಡುಗ ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ ಪೆಟ್ಟಿಗೆಯ ಗಡಿಯಾರದ ತಂತಿಯನ್ನು ಕಿತ್ತ. ಒಂದು ಸಣ್ಣ ಮೈಕನ್ನು ಆ ತೂತಿಗೆ ಜೋಡಿಸಿ ಮುತ್ಯಾನ ತಾಳದ ಬದಿಗೆ ಇಟ್ಟ. “ಈಗ ಬಾರಸ್ರಿ ಮುತ್ಯಾ” ಎಂದ. ತಾಳದ ಒಂದು ಪೆಟ್ಟಿಗೆ ಸೀಕ್ವೆನ್ಸರ್ ಒಂದು ಹೆಜ್ಜೆ ಇಟ್ಟಿತು. ಇನ್ನೊಂದು ಪೆಟ್ಟು, ಇನ್ನೊಂದು ಹೆಜ್ಜೆ. ಮುತ್ಯಾ ಕೈ ತಡೆದರು, ಯಂತ್ರವೂ ತಡೆಯಿತು. ಬೇಗ ಬಾರಿಸಿದರು, ಅದೂ ಓಡಿತು. ಮಕ್ಕಳಂತೆ ನಕ್ಕು, ಉಸಿರು ತೆಗೆದುಕೊಂಡು, ಪಲ್ಲವಿಯನ್ನು ಎತ್ತಿದರು. ಆ ರಾತ್ರಿ ಹನ್ನೊಂದು ಗಂಟೆಯವರೆಗೆ ಹಾಡಿದೆವು. ಹಾಡಿದೆವು ಎಂದೆನಲ್ಲವೆ? ಹೌದು, ಪಂಡಿತನೆಂಬ ಬಿಂಕದಿಂದ ಮೂವತ್ತು ವರುಷ ಆ ಚಾಪೆಯ ಅಂಚಿನಲ್ಲಿಯೇ ಕುಳಿತಿದ್ದ ನಾನು ಅಂದು ಮೊದಲ ಬಾರಿ ದನಿ ಕೂಡಿಸಿದೆ. ಬರುವಾಗ ದಾರಿಯಲ್ಲಿ ಶಿಷ್ಯನಿಗೆ, ಒಂಬತ್ತನೆಯ ತರಗತಿಯಲ್ಲಿ ನಿನ್ನನ್ನು ಹೊರಗೆ ನಿಲ್ಲಿಸಿದ್ದು ತಪ್ಪಾಯಿತಪ್ಪಾ ಎಂದೆ. “ಹೊರಗ ನಿಂತಾಗೇ ಪೂರಾ ಏಳು ಸಿಕ್ಕಿತ್ರಿ ಸರ” ಎಂದು ನಕ್ಕ.

ಪೆಟ್ಟಿಗೆ ಬೆಂಗಳೂರಿಗೆ ಹೋಯಿತು. ಗೂಟದ ಮೇಲಿದ್ದ ಏಕತಾರಿಗೆ ಮುತ್ಯಾ ಹೊಸ ತಂತಿ ಬಿಗಿಸಿದ್ದಾರೆ. ಮೇಳದಲ್ಲಿ ಈಗ ನಾಲ್ವರು. ನಾಲ್ಕನೆಯವನು ನಾನು, ತಾಳ ನನ್ನ ಕೈಯಲ್ಲಿದೆ, ಇನ್ನೂ ಆಗಾಗ ತಪ್ಪುತ್ತದೆ. ನಾಲ್ವರಿಂದ ಮೇಳ ಬಹಳ ಕಾಲ ಉಳಿಯದೆಂಬುದು ನನಗೆ ಗೊತ್ತು. ಯಂತ್ರ ಅದನ್ನು ಕೊಲ್ಲುವುದೂ ಇಲ್ಲ, ಕಾಯುವುದೂ ಇಲ್ಲ. ಚಾಪೆಯ ಮೇಲೆ ಕೂಡುವವರು ಬೇಕು.

ಮಹಾಶಯರೇ, ನಿಮ್ಮ ಮನೆಯಲ್ಲಿ ರೇಡಿಯೋ ಇದೆ. ನಿಮ್ಮ ಓಣಿಯಲ್ಲಿ, ಇಲ್ಲವೆ ನಿಮ್ಮ ತವರಿನ ಹಳ್ಳಿಯಲ್ಲಿ, ಇಂಥದೊಂದು ಭಜನೆಯ ಮೇಳವೂ ಇದ್ದೀತು. ಈ ಸೋಮವಾರ ಒಂದು ಗಂಟೆ ಅಲ್ಲಿ ಹೋಗಿ ಕುಳಿತುಬನ್ನಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಅವರಲ್ಲಿ ಯಾವನಾದರೂ ನೆಲ ಬಡಿಯತೊಡಗಿದರೆ ಗದರಿಸಬೇಡಿ. ಮೊದಲು ಎಣಿಸಿ ನೋಡಿ.